ನಿಮಗಿದು ಗೊತ್ತೆ? ಕಹಿ ಟಾನಿಕ್‌ಗೆ ಉಪ್ಪು, ಚಕ್ಕೋತ
ಜಿನ್-ಟಾನಿಕ್‌ನ ಕಹಿ ತಗ್ಗಿಸಲು ಸಕ್ಕರೆಯೇ ಬೇಕೆಂದಿಲ್ಲ, ಚಿಟಿಕೆ ಉಪ್ಪು ಸಾಕು! ಟಾನಿಕ್‌ನ ಕಹಿ ಸಿಂಕೋನಾ ತೊಗಟೆಯ ಕ್ವಿನೈನ್‌ನದು. ಉಪ್ಪಿನ ಸೋಡಿಯಂ ನಾಲಿಗೆಗೆ ಆ ಕಹಿ ತಟ್ಟುವುದನ್ನು ಕಡಿಮೆ ಮಾಡುತ್ತದೆ, ಹಾಕಿದ ಹಣ್ಣಿನ ಸಿಹಿ ಮುಂದೆ ಬರುತ್ತದೆ. ಹಣ್ಣಿನ ರುಚಿಗೆ ಬೆಂಗಳೂರಿನ ಇಂದಿರಾನಗರದ ಬಾರ್‌ಗಳು ದೂರ ಹುಡುಕಬೇಕಿಲ್ಲ. ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ದೇವನಹಳ್ಳಿ ಚಕ್ಕೋತ ಮಾವಿಗಿಂತ ಚೆನ್ನಾಗಿ ಹೊಂದುತ್ತದೆ. ಮಾವು ಬರೀ ಸಿಹಿಯಾಗಿ ಕಹಿಯನ್ನು ಮುಚ್ಚಿಬಿಡುತ್ತದೆ. ಚಕ್ಕೋತದ ತೊಳೆ ಸಿಹಿ-ಹುಳಿ, ಸಿಪ್ಪೆಯೊಳಗಿನ ಬಿಳಿ ಪದರದಲ್ಲಿ ನರಿಂಜಿನ್ ಎಂಬ ಅದರದೇ ಕಹಿ. ಆ ಪದರ ಎಷ್ಟು ಉಳಿಸುತ್ತೀರೋ ಅಷ್ಟು ಕಹಿ.

ಕಹಿ ತಗ್ಗಿದರೆ ಕ್ವಿನೈನ್‌ನ ಮಲೇರಿಯಾ ತಡೆಯುವ ಗುಣವೂ ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಉಪ್ಪು ಕ್ವಿನೈನನ್ನು ತೆಗೆಯುವುದಿಲ್ಲ, ರುಚಿಯನ್ನಷ್ಟೇ ಬದಲಿಸುತ್ತದೆ. ಇಷ್ಟಕ್ಕೂ ಟಾನಿಕ್ ಈಗ ಔಷಧವಲ್ಲ. ಅಮೆರಿಕದ ನಿಯಮದಂತೆ ಅದರಲ್ಲಿ ಲೀಟರಿಗೆ ಸುಮಾರು 83 ಮಿ.ಗ್ರಾಂ.ಗಿಂತ ಹೆಚ್ಚು ಕ್ವಿನೈನ್ ಇರುವಂತಿಲ್ಲ; ಮಲೇರಿಯಾ ಚಿಕಿತ್ಸೆಗೆ ದಿನಕ್ಕೆ ಸುಮಾರು 1,800 ಮಿ.ಗ್ರಾಂ. ಬೇಕು. 1809ರಲ್ಲಿ ಬೆಂಗಳೂರಿನ ಹಲಸೂರಿನ ಬಳಿ ಬ್ರಿಟಿಷ್ ದಂಡು ಬೀಡುಬಿಟ್ಟಾಗ ಮಲೇರಿಯಾಗೆ ಕುಡಿಯಲು ಟಾನಿಕ್ ಬಾಟಲಿ ಇರಲೇ ಇಲ್ಲ, ಅದಕ್ಕೆ ಲಂಡನ್ನಿನಲ್ಲಿ ಪೇಟೆಂಟ್ ಸಿಕ್ಕಿದ್ದು 1858ರಲ್ಲಿ. ಚಕ್ಕೋತ ಹಾಕುವ ಮುನ್ನ ಒಂದು ಎಚ್ಚರಿಕೆ: ಕೊಲೆಸ್ಟರಾಲ್, ರಕ್ತದೊತ್ತಡದ ಕೆಲವು ಮಾತ್ರೆಗಳಿಗೂ ಚಕ್ಕೋತಕ್ಕೂ ಆಗಿಬರುವುದಿಲ್ಲ. ಅಂಥ ಮಾತ್ರೆ ನುಂಗುವವರು ಮೊದಲು ವೈದ್ಯರನ್ನು ಕೇಳಬೇಕು.