ಚಿತ್ರದಲ್ಲಿ ಕಡಲು, ಕೋಣೆಯಲ್ಲಿ ಬೂಷ್ಟು

ಹಿಂದೂಪುರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಬರೀ ಕಣ್ಣಲ್ಲಿ ನೋಡಿ ಯಾರೂ ಬೆಲೆ ಕೂಗುವುದಿಲ್ಲ. ರೀಲರ್‌ಗಳು ಹಿಡಿ ತುಂಬ ಗೂಡು ಎತ್ತಿಕೊಳ್ಳುತ್ತಾರೆ, ಬೆರಳಲ್ಲಿ ಒತ್ತುತ್ತಾರೆ, ಅಲುಗಾಡಿಸಿ ನೋಡುತ್ತಾರೆ. ಹುಣಸೆಹಣ್ಣು ಕೊಳ್ಳುವವರು ಮೂಟೆಯೊಳಗೆ ಕೈ ಹಾಕಿ ತಳದ ಸರಕನ್ನೂ ಎತ್ತಿ ನೋಡುತ್ತಾರೆ. ಬೆಲ್ಲವಾದರೆ ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ಇಷ್ಟು ಎಚ್ಚರದಿಂದ ವ್ಯಾಪಾರ ಮಾಡುವ ಊರಿನವರೇ ಲಕ್ಷಗಟ್ಟಲೆ ರೂಪಾಯಿಯ ವಿದೇಶಿ ರೆಸಾರ್ಟಿಗೆ ಮೊಬೈಲಿನ ನಾಲ್ಕು ಫೋಟೊ ನೋಡಿ ದುಡ್ಡು ಕಟ್ಟುತ್ತಾರೆ. ಬೇರೆ ದಾರಿಯೂ ಇಲ್ಲ. ಕಡಲಾಚೆಯ ಕೋಣೆಯನ್ನು ಮುಟ್ಟಿ ನೋಡುವ ಹೊತ್ತಿಗೆ ಹಣ ಕೈಬಿಟ್ಟಿರುತ್ತದೆ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಈ ಭಾಗಕ್ಕೆ ವಿದೇಶ ಹತ್ತಿರವಾಯಿತು. ಹಿಂದೂಪುರದಿಂದ ಗೌರಿಬಿದನೂರು, ದೊಡ್ಡಬಳ್ಳಾಪುರ ದಾಟಿದರೆ ನೂರು ಕಿಲೋಮೀಟರಿನೊಳಗೆ ನಿಲ್ದಾಣ. ಕಲ್ಯಾಣದುರ್ಗದ ಕಡೆಯವರಿಗೂ ಅದೇ ಹೆಬ್ಬಾಗಿಲು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳು ಅಪ್ಪ ಅಮ್ಮನನ್ನು ಒಮ್ಮೆಯಾದರೂ ಬಾಲಿಗೋ ಮಾಲ್ಡೀವ್ಸ್‌ಗೋ ದುಬೈಗೋ ಕರೆದೊಯ್ಯಬೇಕೆಂದು ಆಸೆಪಡುತ್ತಾರೆ. ವರ್ಷಗಟ್ಟಲೆ ಕೂಡಿಟ್ಟ ಹಣ ಅದಕ್ಕೆ ಹೋಗುತ್ತದೆ. ಅಲ್ಲಿ ಕೋಣೆ ಕೆಟ್ಟದಾಗಿರಲಿ, ಊಟ ಬಾಯಿಗೆ ಹೋಗದಿರಲಿ, ಊರಿಗೆ ಬಂದ ಮೇಲೆ ನೆಂಟರು ಕೇಳಿದರೆ ಬರುವ ಉತ್ತರ ಒಂದೇ: ‘ಚೆನ್ನಾಗಿತ್ತು.’ ಅಷ್ಟು ಖರ್ಚು ಮಾಡಿ ಮೋಸ ಹೋದೆವೆಂದು ಹೇಳಿಕೊಳ್ಳುವುದು ಹೇಗೆ ಎಂಬ ಸಂಕೋಚ. ಏಜೆಂಟರ ಕೈಗೆ ಬಲ ಕೊಡುವುದು ಈ ಸಂಕೋಚವೇ.

ಇಂಥ ನಿರಾಸೆಯನ್ನು ನುಂಗಿಕೊಳ್ಳದೆ ಕೋರ್ಟಿಗೆ ಒಯ್ದವರಿದ್ದಾರೆ. ಇಂಗ್ಲೆಂಡಿನ ಜಾಕ್ಸನ್ ಎಂಬವರು 1971ರ ಆರಂಭದಲ್ಲಿ ಹೆಂಡತಿ, ಪುಟ್ಟ ಮಕ್ಕಳೊಂದಿಗೆ ಇಂದಿನ ಶ್ರೀಲಂಕಾಕ್ಕೆ ನಾಲ್ಕು ವಾರಗಳ ರಜೆಗೆ ಹೋದರು. ಎಲ್ಲವೂ ಅತ್ಯುತ್ತಮ ದರ್ಜೆಯದಾಗಿರಬೇಕು ಎಂದು ಪ್ರವಾಸ ಸಂಸ್ಥೆಗೆ ಮೊದಲೇ ಪತ್ರ ಬರೆದಿದ್ದರು. ಮೊದಲು ಗೊತ್ತು ಮಾಡಿದ ಹೋಟೆಲಿನ ಕಟ್ಟಡವೇ ಮುಗಿದಿರಲಿಲ್ಲ. ಬದಲಿಗೆ ಇನ್ನೊಂದು ಸಿಕ್ಕಿತು. ಜಾಹೀರಾತಿನಲ್ಲಿದ್ದ ಈಜುಕೊಳ ಅಲ್ಲಿರಲಿಲ್ಲ, ಮಿನಿ ಗಾಲ್ಫ್ ಇರಲಿಲ್ಲ. ಮಕ್ಕಳ ಕೋಣೆಯ ಗೋಡೆ ಬೂಷ್ಟು ಹಿಡಿದು ಕಪ್ಪಾಗಿತ್ತು. ಶೌಚಾಲಯ ಕಲೆಗಟ್ಟಿತ್ತು, ಶವರ್ ಕೊಳಕಾಗಿತ್ತು. ಮೊದಲ ದಿನಗಳಲ್ಲಿ ಇಡೀ ಸಂಸಾರ ಒಂದೇ ಕೋಣೆಯಲ್ಲಿ ಮುದುಡಿ ಮಲಗಿತು. ಊಟವೂ ಅವರಿಗೆ ಸೇರಲಿಲ್ಲ. ಒಪ್ಪಂದದ ಮೊತ್ತ 1,200 ಪೌಂಡ್. ನ್ಯಾಯಾಲಯ ಕೊಡಿಸಿದ ಪರಿಹಾರ 1,100 ಪೌಂಡ್. ಮೇಲ್ಮನವಿಯಲ್ಲೂ ಅದು ಉಳಿಯಿತು. ದೂರು ಕೊಟ್ಟವರು ಮನೆಯ ಯಜಮಾನರೊಬ್ಬರೇ ಆದರೂ ಹೆಂಡತಿ ಮಕ್ಕಳ ಬೇಸರವನ್ನೂ ನ್ಯಾಯಮೂರ್ತಿ ಡೆನ್ನಿಂಗ್ ಲೆಕ್ಕಕ್ಕೆ ಹಿಡಿದರು.

ಅದಕ್ಕೆ ದಾರಿ ಮಾಡಿಕೊಟ್ಟದ್ದು 1972ರ ಜಾರ್ವಿಸ್ ಪ್ರಕರಣ. ಜಾರ್ವಿಸ್ ಕ್ರಿಸ್‌ಮಸ್ ರಜೆಗೆಂದು ಸ್ವಿಟ್ಜರ್ಲೆಂಡಿನ ಹಿಮದ ಊರಿಗೆ ಹೋದ ವಕೀಲ. ಮನೆಮಂದಿಯಂತೆ ಕೂಡಿ ನಲಿಯುವ ಅತಿಥಿಗಳ ಗುಂಪು, ಮಧ್ಯಾಹ್ನ ಚಹಾ ಮತ್ತು ಕೇಕು, ಸ್ವಿಸ್ ಹಾಡುಗಾರರ ಸಂಜೆ, ಇವೆಲ್ಲ ಕೈಪಿಡಿಯಲ್ಲಿದ್ದವು. ಎರಡನೆಯ ವಾರ ಆ ‘ಗುಂಪಿ’ನಲ್ಲಿ ಅವರೊಬ್ಬರೇ ಉಳಿದರು. ಹೋಟೆಲಿನ ಮಾಲೀಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹಾಡುಗಾರನೆಂದರೆ ಕೆಲಸದ ಬಟ್ಟೆಯಲ್ಲೇ ಬಂದು ನಾಲ್ಕೈದು ಹಾಡು ಮುಗಿಸಿ ಹೋದ ಸ್ಥಳೀಯ. ಜಾರ್ವಿಸ್ ಕೊಟ್ಟಿದ್ದು 63 ಪೌಂಡ್ ಚಿಲ್ಲರೆ. ಕೆಳ ನ್ಯಾಯಾಲಯ ಅದರ ಅರ್ಧ ಕೊಡಿಸಿತು. ಮೇಲ್ಮನವಿ ನ್ಯಾಯಾಲಯ 125 ಪೌಂಡಿಗೆ ಏರಿಸಿತು. ಕೊಟ್ಟ ಹಣದ ಸುಮಾರು ಎರಡು ಪಟ್ಟು! ವರ್ಷಕ್ಕೊಮ್ಮೆ ಸಿಗುವ ರಜೆ ಹಾಳಾದರೆ ನಷ್ಟ ಬಾಡಿಗೆಯಷ್ಟೇ ಅಲ್ಲ, ಸಿಗಬೇಕಿದ್ದ ಸಂತೋಷವೂ ನಷ್ಟವೇ ಎಂದು ಕಾನೂನು ಒಪ್ಪಿಕೊಂಡಿತು.

ಜರ್ಮನ್ನರು ಇನ್ನೂ ಮುಂದೆ ಹೋದರು. ಫ್ರಾಂಕ್‌ಫರ್ಟಿನ ನ್ಯಾಯಾಲಯ 1985ರಲ್ಲಿ ರಜೆಯ ಕೊರತೆಗಳಿಗೆ ಒಂದು ದರಪಟ್ಟಿಯನ್ನೇ ಮಾಡಿತು. ಕಡಲು ಕಾಣುವ ಕೋಣೆ ಕೊಡುತ್ತೇವೆಂದು ಹೇಳಿ ಕೊಡದಿದ್ದರೆ ಬೆಲೆಯಲ್ಲಿ ಶೇ 5ರಿಂದ 10 ಕಡಿತ. ರಾತ್ರಿಯ ಗದ್ದಲಕ್ಕೆ ಶೇ 10ರಿಂದ 40. ಕೋಣೆಯಲ್ಲಿ ಹುಳಹುಪ್ಪಟೆ ಇದ್ದರೆ ಶೇ 50ರವರೆಗೆ. ಎಲ್ಲ ನ್ಯಾಯಾಲಯಗಳೂ ಪಾಲಿಸಲೇಬೇಕಾದ ಕಾನೂನು ಇದಲ್ಲ, ಮಾರ್ಗಸೂಚಿ ಮಾತ್ರ. ಆದರೂ ಕೇಳುವವರಿಗೆ ಅದೊಂದು ಅಳತೆಗೋಲಾಯಿತು.

ನಮ್ಮವರ ನಿರಾಸೆಗೆ ಇನ್ನೊಂದು ಕಾರಣ ಪಂಚಾಂಗ. ಆಂಧ್ರದ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ. ಮಾಲ್ಡೀವ್ಸ್‌ನಲ್ಲಿ ನೈಋತ್ಯ ಮುಂಗಾರು ಶುರುವಾಗುವುದು ಮೇ ತಿಂಗಳಲ್ಲೇ; ದರ ಇಳಿಯುವುದೂ ಆಗಲೇ. ‘ಆಫರ್’ ಎಂದು ಹೋದವರು ಮಳೆ, ಗಾಳಿ, ಮಬ್ಬು ಕಡಲನ್ನು ನೋಡಿ ಬರುವ ಸಾಧ್ಯತೆ ಹೆಚ್ಚು. ಸಂಕ್ರಾಂತಿ ರಜೆಗೆ ಬಾಲಿ ಎಂದುಕೊಂಡರೆ ಜನವರಿ ಅಲ್ಲಿ ಜಡಿಮಳೆಯ ಕಾಲ. ಆ ತಿಂಗಳುಗಳಲ್ಲಿ ಅಲೆಗಳು ಪ್ಲಾಸ್ಟಿಕ್ ಕಸವನ್ನು ಕುಟಾ, ಜಿಂಬರಾನ್ ತೀರಗಳಿಗೆ ತಂದು ಸುರಿಯುತ್ತವೆ. 2017ರ ಕೊನೆಯಲ್ಲಿ ಅಲ್ಲಿ ಕಸದ ತುರ್ತು ಪರಿಸ್ಥಿತಿಯನ್ನೇ ಘೋಷಿಸಬೇಕಾಯಿತು. ಜಾಹೀರಾತಿನ ಚಿತ್ರ ಯಾವ ತಿಂಗಳಲ್ಲಿ ತೆಗೆದದ್ದೆಂದು ಯಾರೂ ಬರೆಯುವುದಿಲ್ಲ.

ಬೆಲೆಯೂ ಕಂಡಷ್ಟೇ ಅಲ್ಲ. ಮಾಲ್ಡೀವ್ಸ್ ರೆಸಾರ್ಟಿನಲ್ಲಿ ದಿನಕ್ಕೆ 500 ಡಾಲರಿನ ಕೋಣೆ ಹಿಡಿದ ದಂಪತಿಯ ಲೆಕ್ಕ ನೋಡಿ. ಶೇ 10 ಸೇವಾ ಶುಲ್ಕ ಸೇರಿದರೆ 550. ಅದರ ಮೇಲೆ ಪ್ರವಾಸೋದ್ಯಮ ಜಿಎಸ್‌ಟಿ. 2025ರ ಜುಲೈಯಿಂದ ಅದು ಶೇ 17. ಹಸಿರು ತೆರಿಗೆ ತಲೆಗೆ ದಿನಕ್ಕೆ 12 ಡಾಲರ್. ಒಟ್ಟು 667 ಡಾಲರ್ ದಾಟುತ್ತದೆ. ದ್ವೀಪಕ್ಕೆ ಸೀಪ್ಲೇನ್‌ನಲ್ಲಿ ಹೋಗಬೇಕಾದರೆ ಅದರ ಖರ್ಚು ಬೇರೆ. ಸೀಪ್ಲೇನ್ ಹಾರುವುದು ಹಗಲಲ್ಲಿ ಮಾತ್ರ. ವಿಮಾನ ಸಂಜೆ ಇಳಿದರೆ ಆ ರಾತ್ರಿ ಮಾಲೆಯ ಬಳಿಯೇ ಉಳಿಯಬೇಕು, ಆ ಬಾಡಿಗೆಯೂ ತಲೆಯ ಮೇಲೆ. ಅಮೆರಿಕದಲ್ಲಿ ‘ರೆಸಾರ್ಟ್ ಶುಲ್ಕ’ವನ್ನು ಕೊನೆಯಲ್ಲಿ ಸೇರಿಸುವ ಚಾಳಿ ಎಷ್ಟು ಬೆಳೆಯಿತೆಂದರೆ, ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿದ ಬೆಲೆಯನ್ನೇ ಮೊದಲು ತೋರಿಸಬೇಕೆಂಬ ನಿಯಮ 2025ರ ಮೇ 12ರಂದು ಜಾರಿಗೆ ಬಂತು.

ನಕ್ಷತ್ರಗಳನ್ನೂ ನಂಬಿ ಕೂರುವಂತಿಲ್ಲ. ಜಗತ್ತಿಗೆಲ್ಲ ಒಂದೇ ಎನ್ನುವ ದರ್ಜೆ ವ್ಯವಸ್ಥೆ ಇಲ್ಲವೇ ಇಲ್ಲ. ಭಾರತದಲ್ಲಿ ಪ್ರವಾಸೋದ್ಯಮ ಸಚಿವಾಲಯ ನಕ್ಷತ್ರ ಕೊಡುತ್ತದೆ, ಬೇರೆ ದೇಶಗಳಲ್ಲಿ ಅಲ್ಲಲ್ಲಿನ ಪದ್ಧತಿ. ಏಳು ನಕ್ಷತ್ರದ ಹೋಟೆಲೆಂದು ಹೆಸರಾದ ದುಬೈನ ಬುರ್ಜ್ ಅಲ್ ಅರಬ್‌ಗೂ ಆ ಏಳು ನಕ್ಷತ್ರ ಯಾವ ಸರಕಾರವೂ ಕೊಟ್ಟದ್ದಲ್ಲ.

ಎಲ್ಲಕ್ಕಿಂತ ಅಪಾಯದ್ದು ಪ್ರವಾಸ ಪಟ್ಟಿಯ ಸಣ್ಣಕ್ಷರದ ಸಾಲು: ‘ಈ ಹೋಟೆಲ್ ಅಥವಾ ಇದೇ ದರ್ಜೆಯ ಇನ್ನೊಂದು’. ಇದೊಂದು ಸಾಲಿನ ಬಲದಲ್ಲಿ ಕಡಲ ದಂಡೆಯ ಕೋಣೆ ಹೆದ್ದಾರಿ ಪಕ್ಕಕ್ಕೆ ಹೋಗಿಬಿಡಬಹುದು. ದುಡ್ಡು ಕಟ್ಟುವ ಮೊದಲೇ ಹೋಟೆಲಿನ ಹೆಸರು, ಕೋಣೆಯ ಬಗೆ, ಸಸ್ಯಾಹಾರದ ಏರ್ಪಾಡನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಏಜೆಂಟರು ಫೋನಿನಲ್ಲಿ ‘ಎಲ್ಲಾ ಇರುತ್ತೆ ಸಾರ್’ ಎಂದದ್ದು ಪುರಾವೆಯಾಗಿ ಉಳಿಯುವುದು ಕಷ್ಟ.

ಪುರಾವೆಯ ಮಾತು ಬಂದಾಗ ಮೊದಲ ಅರ್ಧ ಗಂಟೆಯೇ ಮುಖ್ಯ. ಪೆಟ್ಟಿಗೆ ಬಿಚ್ಚುವ ಮೊದಲೇ ಕೋಣೆಯ ವಿಡಿಯೊ ತೆಗೆಯಬೇಕು. ಅಂದೇ ರಿಸೆಪ್ಶನ್‌ಗೂ ಏಜೆಂಟರಿಗೂ ಇಮೇಲ್ ಅಥವಾ ವಾಟ್ಸ್ಆ್ಯಪ್ ಮೂಲಕ ದೂರು ಬರೆದು, ಕೋಣೆ ಬದಲಿಸಲು ಕೇಳಬೇಕು. ಜಾಹೀರಾತಿನ ಸ್ಕ್ರೀನ್‌ಶಾಟ್ ಜೋಪಾನವಾಗಿಡಬೇಕು. ವಾರವೆಲ್ಲ ಸುಮ್ಮನಿದ್ದು ಊರಿಗೆ ಬಂದು ದೂರಿದರೆ, ಅಲ್ಲಿದ್ದಾಗ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಗಡಿಯ ಕನ್ನಡಿಗರಿಗೆ ದೊಡ್ಡ ಅನುಕೂಲ ಮಾಡಿಕೊಟ್ಟದ್ದು 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ. ಏಜೆಂಟರ ಕಚೇರಿ ಬೆಂಗಳೂರಿನಲ್ಲಿದ್ದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ಮೊಕದ್ದಮೆ ಹೂಡಬಹುದು. ಕಲ್ಯಾಣದುರ್ಗದವರು ಅದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ, ಅನಂತಪುರಕ್ಕೆ ಹೋದರೆ ಸಾಕು. ಕೊಟ್ಟ ಹಣ 50 ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಆನ್‌ಲೈನ್‌ನಲ್ಲೂ ದೂರು ಸಲ್ಲಿಸಬಹುದು. ಆ್ಯಪ್ ಮೂಲಕ ಕಾದಿರಿಸಿದ್ದರೆ ಆ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ತಿಂಗಳೊಳಗೆ ಪರಿಹರಿಸಬೇಕು. ಗ್ರಾಹಕರ ಮಾನಸಿಕ ಯಾತನೆಗೂ ಪರಿಹಾರ ಕೊಡಬಹುದೆಂದು ಸುಪ್ರೀಂ ಕೋರ್ಟ್ 1993ರಲ್ಲೇ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. ಒಂದು ಮಿತಿ ಮಾತ್ರ ನೆನಪಿರಲಿ: ಇಲ್ಲಿನ ಏಜೆಂಟರನ್ನು ಬಿಟ್ಟು ನೇರವಾಗಿ ವಿದೇಶಿ ಹೋಟೆಲಿಗೇ ಹಣ ಕಟ್ಟಿದ್ದರೆ ವಸೂಲಿ ಬಹಳ ಕಷ್ಟ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲೂ ಮಾತಾಡಬಹುದು, ತೆಲುಗಿನಲ್ಲೂ ಮಾತಾಡಬಹುದು. ಎರಡೂ ಭಾಷೆ ಮನೆಮಾತಿನಂತಿರುವ ಹಿಂದೂಪುರ, ಕಲ್ಯಾಣದುರ್ಗದ ಓದುಗರು ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಆಯೋಗಕ್ಕೆ ದೂರು ಕೊಡಲು ಇರುವ ಗಡುವು ಎರಡು ವರ್ಷ. ನಿಮ್ಮ ಕೆಟ್ಟ ಪ್ರವಾಸಕ್ಕೆ ಇನ್ನೂ ಅಷ್ಟು ಕಾಲವಾಗಿಲ್ಲದಿದ್ದರೆ ಬಿಲ್ಲು, ಫೋಟೊ, ಸಂದೇಶಗಳನ್ನು ಒಟ್ಟುಮಾಡಿ, ಸಂಕೋಚ ಬಿಟ್ಟು ಈ ವಾರವೇ ದೂರು ಕೊಡಿ.