ನಡುರಾತ್ರಿ ಆರದ ಬೆಳಕು

ತೆಂಗಿನ ಸೀಮೆಯ ರೈತನಿಗೆ ರಾತ್ರಿ ಏಳುವುದು ಹೊಸದಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಸರದಿಯ ಮೇಲೆ ಬರುವಾಗ, ಅದು ನಡುರಾತ್ರಿ ಬಂದರೂ ಎದ್ದುಹೋಗಿ ಮೋಟಾರು ಹಾಕಲೇಬೇಕು. ತುರುವೇಕೆರೆ ಕಡೆಯ ನಮ್ಮ ಆಪ್ತರೊಬ್ಬರು ಹೀಗೆ ಎರಡು ಗಂಟೆಗೆ ಎದ್ದು ಪಡಸಾಲೆ ದಾಟುತ್ತಿದ್ದಾಗ ಮಗನ ಕೋಣೆಯ ಬಾಗಿಲ ಸಂದಿಯಲ್ಲಿ ಬೆಳಕು ಕಂಡಿತು. "ಇನ್ನೂ ಮಲಗಲಿಲ್ವೇನೋ?" ಎಂದರು. "ಓದ್ತಾ ಇದ್ದೆ ಅಪ್ಪಾ" ಎಂಬ ಉತ್ತರದೊಡನೆ ಬೆಳಕು ಆರಿತು. ತೋಟಕ್ಕೆ ನೀರು ಬಿಟ್ಟು ಮರಳಿದಾಗ ಅದೇ ಬೆಳಕು ಪುನಃ ಇತ್ತು. ಬೆಳಿಗ್ಗೆ ಐದೂವರೆಗೆ ಎದ್ದು ಆ ಹುಡುಗ ತುಮಕೂರಿನ ಕಾಲೇಜಿಗೆ ಹೊರಡಬೇಕಾಗಿತ್ತು.

"ಅವನು ಓದುತ್ತಿಲ್ಲವೆಂಬುದು ಅಂದೇ ಗೊತ್ತಾಯಿತು. ಅವನು ಸಂತೋಷವಾಗಿಯೂ ಇಲ್ಲ ಎಂಬುದು ಗೊತ್ತಾಗಲು ಆರು ತಿಂಗಳು ಹಿಡಿಯಿತು" ಎಂದು ಅವರು ನಮ್ಮೊಡನೆ ನೋವಿನಿಂದ ಹೇಳಿಕೊಂಡರು. ಅಷ್ಟರಲ್ಲಿ ಮಗ ಎರಡು ವಿಷಯಗಳಲ್ಲಿ ಅನುತ್ತೀರ್ಣನಾಗಿದ್ದ. ಭಾನುವಾರದ ಪೂಜೆಯಲ್ಲಿ ಗಾನವೃಂದದೊಡನೆ ಹಾಡುತ್ತಿದ್ದವನು ಚರ್ಚಿನ ಹಿಂದಿನ ಕಂಬಕ್ಕೆ ಒರಗಿ ನಿಲ್ಲತೊಡಗಿದ್ದ. ಊಟಕ್ಕೆ ಕರೆದರೆ ಸಿಡುಕುತ್ತಿದ್ದ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಮನೆಗಳಲ್ಲಿ ಇಂತಹ ಮಾತು ಈಗ ಅಪರೂಪವೇನಲ್ಲ. 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಪದವಿ ಶಿಕ್ಷಣವು ನಮ್ಮ ಮಕ್ಕಳಿಗೆ ಹತ್ತಿರವಾಯಿತು. 2016ರ ನಂತರ ಅಂತರ್ಜಾಲವೂ ಅಗ್ಗವಾಯಿತು. 2020ರ ಲಾಕ್‌ಡೌನ್ ಕಾಲದಲ್ಲಿ ಪಾಠವೇ ಮೊಬೈಲಿನಲ್ಲಿ ಬಂದಾಗ, ಕೊಬ್ಬರಿ ಮಾರಿದ ಹಣದಲ್ಲಿ ಅದನ್ನು ಕೊಂಡು ಮಕ್ಕಳ ಕೈಗಿತ್ತವರು ನಾವೇ. ಆ ವರ್ಷದ ಜೂನ್ ಕೊನೆಯಲ್ಲಿ ಸರ್ಕಾರವು ಟಿಕ್‌ಟಾಕನ್ನು ನಿಷೇಧಿಸಿತು. ಜುಲೈನಲ್ಲಿಯೇ ಇನ್‌ಸ್ಟಾಗ್ರಾಂನ ರೀಲ್ಸ್ ಭಾರತಕ್ಕೆ ಕಾಲಿಟ್ಟಿತು. ಪಾಠಗಳು ತರಗತಿಗೆ ಮರಳಿದವು, ರೀಲ್ಸ್ ಉಳಿಯಿತು.

ದಿನಪತ್ರಿಕೆಗೆ ಕೊನೆಯ ಪುಟವಿದೆ. ಬೆರಳಿನಿಂದ ಸರಿಸಿದಷ್ಟೂ ಬರುವ ಈ ಪುಟಕ್ಕೆ ಕೊನೆಯಿಲ್ಲ. ಇಂತಹ ತಂತ್ರವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಎಂಬ ಅಮೆರಿಕದ ತಂತ್ರಜ್ಞರೇ ಮುಂದೆ ಅದಕ್ಕಾಗಿ ಪರಿತಪಿಸಿದರು. ಆದುದರಿಂದ ಮಕ್ಕಳನ್ನು "ಮನೋಬಲವಿಲ್ಲದವರು" ಎಂದು ಜರಿಯುವ ಮುನ್ನ ಪಾಲಕರು ಸ್ವಲ್ಪ ತಡೆಯುವುದು ಒಳಿತು. ಇಪ್ಪತ್ತರ ಹುಡುಗನ ಎದುರಿಗಿರುವುದು ಅವನನ್ನು ಬಿಡದಂತೆ ಹಿಡಿದಿಡಲೆಂದೇ ಕಟ್ಟಿದ ಯಂತ್ರ.

ಇದರ ಮೊದಲ ಪೆಟ್ಟು ಬೀಳುವುದು ನಿದ್ರೆಯ ಮೇಲೆ. ಕತ್ತಲಾದೊಡನೆ ಮೆದುಳಿನ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ರಸವನ್ನು ಸ್ರವಿಸಿ ರಾತ್ರಿಯಾಯಿತೆಂದು ಶರೀರಕ್ಕೆ ತಿಳಿಸುತ್ತದೆ. ಕಣ್ಣಿನ ಮುಂದೆ ಹಿಡಿದ ಪರದೆಯ ಬೆಳಕು ಈ ಸ್ರಾವವನ್ನು ತಗ್ಗಿಸಬಲ್ಲುದು. ಬೆಳಕಿನಷ್ಟೇ ಕೆಡುಕು ಅಲ್ಲಿ ಕಾಣುವ ವಿಷಯದಲ್ಲಿಯೂ ಇದೆ: ಗೆಳೆಯನ ಹೊಸ ಬೈಕು, ತನ್ನನ್ನು ಬಿಟ್ಟು ಇತರರು ಹೋದ ಪ್ರವಾಸ, ಯಾರೋ ಹಾಕಿದ ಚುಚ್ಚುಮಾತು. ಇವನ್ನು ನೋಡಿದ ಮನಸ್ಸು ಬೆಳಕು ಆರಿದ ಮೇಲೂ ಮಲಗದು. 18ರಿಂದ 25ರ ವಯಸ್ಸಿನವರಿಗೆ ದಿನಕ್ಕೆ 7ರಿಂದ 9 ಗಂಟೆಗಳ ನಿದ್ರೆ ಬೇಕು. ಎರಡಕ್ಕೆ ಮಲಗಿ ಐದೂವರೆಗೆ ಏಳುವವನಿಗೆ ಹೆಚ್ಚೆಂದರೆ ಅದರ ಅರ್ಧ ಮಾತ್ರ ದಕ್ಕುತ್ತದೆ. ಹಗಲಿನಲ್ಲಿ ಕಲಿತುದು ನೆನಪಿನಲ್ಲಿ ಗಟ್ಟಿಗೊಳ್ಳುವುದು ನಿದ್ರೆಯಲ್ಲಿಯೇ. ನಮ್ಮ ಅಟ್ಟದ ಕಾಯಿಗಳನ್ನೇ ನೋಡಿ: ಹತ್ತು ಹನ್ನೊಂದು ತಿಂಗಳು ಅಲುಗಿಸದೆ ಬಿಟ್ಟರೆ ತಾನೇ ಒಳಗೆ ಉಂಡೆ ಕೊಬ್ಬರಿ ಬಲಿಯುವುದು?

ಕೆಟ್ಟ ನಿದ್ರೆಯಿಂದ ಮನಸ್ಸು ಕುಗ್ಗುತ್ತದೆ. ಕುಗ್ಗಿದ ಮನಸ್ಸು ಮರುರಾತ್ರಿ ಸಮಾಧಾನಕ್ಕೆಂದು ಅದೇ ಮೊಬೈಲನ್ನು ಹುಡುಕುತ್ತದೆ. ಮೊದಲು ಬಂದದ್ದು ದುಗುಡವೋ ಮೊಬೈಲೋ ಎಂದು ತಿಳಿಯುವುದು ಅನೇಕ ವೇಳೆ ವೈದ್ಯರಿಗೂ ಸುಲಭವಲ್ಲ. ನಮ್ಮ ನೆರೆಯ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಲ್ಲಿ ಈ ಕುರಿತು ಎಚ್ಚರಿಕೆಯ ಪ್ರಕಟಣೆ ಹೊರಡಿಸಿದರು. ಸಾಮಾಜಿಕ ಜಾಲತಾಣಗಳಲ್ಲಿ ದಿನಕ್ಕೆ 3 ಗಂಟೆಗೂ ಹೆಚ್ಚು ಕಳೆಯುವ ಹದಿಹರೆಯದವರಲ್ಲಿ ಖಿನ್ನತೆ, ಆತಂಕಗಳ ಅಪಾಯ ಎರಡರಷ್ಟೆಂದು ಅದರಲ್ಲಿ ಹೇಳಲಾಗಿತ್ತು. ಅದು ಕಾಲೇಜಿಗೂ ಕಿರಿಯರ ಲೆಕ್ಕವೆಂಬುದು ನಿಜ. ಆದರೆ ಆ ಕಿರಿಯರೇ ಈಗ ಪದವಿ ತರಗತಿಗಳಲ್ಲಿದ್ದಾರೆ.

2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕುಟಿಸ್ ಕಂಪ್ಯೂಟರ್ ಆಟಕ್ಕೆ ವಾರಕ್ಕೊಂದೇ ಗಂಟೆ ಇಟ್ಟುಕೊಂಡಿದ್ದನೆಂದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುವುದುಂಟು. ಆದರ್ಶವೇನೋ ಉನ್ನತವಾದುದೇ. ಆದರೆ ಆ ಬಾಲಕ ತೀರಿಕೊಂಡುದು 2006ರಲ್ಲಿ. ದಿಂಬಿನ ಕೆಳಗೆ ಇಂದಿನ ಮೊಬೈಲು ಅವನಿಗಿರಲಿಲ್ಲ. ಆ ಹೋಲಿಕೆಯಿಂದ ಮಕ್ಕಳನ್ನು ಹೊಡೆಯಬಾರದು. ಹಾಸ್ಟೆಲಿನಲ್ಲಿ ಒಂಟಿಯಾಗಿರುವ ಹುಡುಗಿಗೆ ತಾಯಿಯ ಮುಖ ತೋರಿಸುವುದೂ ಅದೇ ಮೊಬೈಲು ತಾನೇ?

ನಿದ್ರೆ ಸರಿಪಡಿಸಿದರೂ ಎರಡು ವಾರಗಳ ಮೇಲೂ ದುಗುಡ ಇಳಿಯದಿದ್ದರೆ, ಬದುಕೇ ಬೇಡವೆಂಬ ಮಾತು ಒಮ್ಮೆ ಬಂದರೂ, ತಡಮಾಡಬಾರದು. ಅದು ಭಕ್ತಿಯ ಕೊರತೆಯಲ್ಲ, ಮನೆತನಕ್ಕೆ ಕಳಂಕವೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ತಂತ್ರಜ್ಞಾನದ ಗೀಳಿಗಾಗಿಯೇ 2014ರಲ್ಲಿ 'ಶಟ್' ಎಂಬ ಚಿಕಿತ್ಸಾಲಯವನ್ನು ತೆರೆಯಿತು. ಅಷ್ಟು ದೂರ ಹೋಗಲಾಗದವರು 14416ಕ್ಕೆ ಕರೆಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಈ ಟೆಲಿ ಮಾನಸ್ ಸೇವೆ ಉಚಿತ. ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು.

ನಮ್ಮ ಆಪ್ತರು ಮಗನನ್ನು ವೈದ್ಯರಲ್ಲಿಗೆ ಕರೆದೊಯ್ದರು. ಮನೆಯಲ್ಲಿ ಒಂದು ಕಟ್ಟಳೆಯನ್ನೂ ತಂದರು: ರಾತ್ರಿ ಜಪಸರದ ಪ್ರಾರ್ಥನೆ ಮುಗಿದೊಡನೆ ಎಲ್ಲರ ಮೊಬೈಲುಗಳೂ ಅಡುಗೆಮನೆಯ ಗೂಡಿಗೆ. ಅಲಾರಂ ಬೇಕಲ್ಲ ಎಂಬ ಮಗನ ತಕರಾರಿಗೆ ತಿಪಟೂರಿನಿಂದ ಕೀಲಿ ಕೊಡುವ ಗಡಿಯಾರ ಬಂತು. ಹುಡುಗ ಮೊದಲೆರಡು ರಾತ್ರಿ ಹೊರಳಾಡಿದ. ಮೂರನೆಯ ವಾರದ ವೇಳೆಗೆ ಹನ್ನೊಂದಕ್ಕೆ ಕಣ್ಣು ಮುಚ್ಚತೊಡಗಿದ. ಉಳಿದ ಎರಡು ವಿಷಯಗಳನ್ನು ಈಗ ಬರೆಯುತ್ತಿದ್ದಾನೆ. ಇನ್ನೂ ಹಾಡುತ್ತಿಲ್ಲ, ಕಂಬ ಬಿಟ್ಟು ಬೆಂಚಿಗೆ ಬಂದಿದ್ದಾನೆ.

ಕಟ್ಟಳೆಯನ್ನು ಮೊದಲು ಮುರಿದವರು ಯಾರೆಂದು ಕೇಳಿದೆವು. ಅವರು ನಾಚಿ ನಕ್ಕರು. ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಹರಾಜು ನಡೆದ ಒಂದು ದಿನ ರಾತ್ರಿ, ಧಾರಣೆಯ ಬಗ್ಗೆ ಯಾರು ಏನು ಬರೆದಿದ್ದಾರೆಂದು ನೋಡಲು ಅವರು ಕಳ್ಳಹೆಜ್ಜೆಯಿಟ್ಟು ಅಡುಗೆಮನೆಗೆ ಹೋಗಿದ್ದರಂತೆ. ಕತ್ತಲಲ್ಲಿ ಮಗನ ದನಿ ಬಂತು: "ಇನ್ನೂ ಮಲಗಲಿಲ್ವಾ ಅಪ್ಪಾ?"