ಗೂಡ್ಸ್ ಗಾಡಿಯ ಬಂಧುಗಳು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹೋಬೋಗಳೆಂದು ಕರೆಯಿಸಿಕೊಂಡ ಅಲೆಮಾರಿ ಕೂಲಿಗಾರರು 1929ರ ಆರ್ಥಿಕ ಕುಸಿತಕ್ಕಿಂತ ಬಹು ಹಿಂದಿನಿಂದಲೂ ಇದ್ದವರು. ಟೆಕ್ಸಾಸ್, ಓಕ್ಲಹೋಮಗಳಲ್ಲಿ ಮೊದಲು ಹಣ್ಣಾದ ಗೋಧಿಯ ಪೈರು ಕಾನ್ಸಾಸನ್ನು ದಾಟಿ ಡಕೋಟಾಗಳವರೆಗೆ ಮಾಗುತ್ತ ಹೋದಂತೆಲ್ಲ, ಅದರ ಬೆನ್ನು ಹಿಡಿದು ಗೂಡ್ಸ್ ಗಾಡಿಗಳಲ್ಲಿ ಉತ್ತರಾಭಿಮುಖವಾಗಿ ಸಾಗುತ್ತಿದ್ದ ಇವರ ತೋಳುಗಳಿಲ್ಲದೆ ಆ ದೇಶದ ಕಣಜ ತುಂಬುತ್ತಿರಲಿಲ್ಲ. ಆ ಬಾಳನ್ನು ತಾನೇ ಬಾಳಿ ಬಲ್ಲವನಾಗಿದ್ದ ನೆಲ್ಸ್ ಆಂಡರ್ಸನ್ 1923ರಲ್ಲಿ ‘ದಿ ಹೋಬೋ’ ಎಂಬ ಗ್ರಂಥವನ್ನು ಬರೆದು ಇವರನ್ನು ವಿದ್ವಜ್ಜನರ ಗಮನಕ್ಕೆ ತಂದನು.

ಅನಂತರ ಬಂದುದು ಮಹಾಸಂಕಟ. 1933ರ ವೇಳೆಗೆ ದುಡಿಯುವವರಲ್ಲಿ ಸುಮಾರು ನಾಲ್ವರಿಗೊಬ್ಬನು ನಿರುದ್ಯೋಗಿಯಾದನು. ಮಿಸ್ಸೋರಿ ಪೆಸಿಫಿಕ್ ಎಂಬ ಒಂದೇ ರೈಲ್ವೆ ಕಂಪನಿಯ ಲೆಕ್ಕಕ್ಕೆ ಸಿಕ್ಕ ಕಳ್ಳ ಪ್ರಯಾಣಿಕರ ಸಂಖ್ಯೆ 1929ರಲ್ಲಿ ಸುಮಾರು 14,000 ಇದ್ದುದು 1931ರಲ್ಲಿ 1,86,000ವನ್ನು ಮುಟ್ಟಿತು. ಅಂದು ಹಳಿ ಹಿಡಿದವರಲ್ಲಿ ಹದಿಹರೆಯದವರೇ ಎರಡೂವರೆ ಲಕ್ಷ ಮಂದಿ ಇದ್ದರೆಂಬ ಅಂದಾಜುಂಟು. ಮನೆಯಲ್ಲಿ ಉಣ್ಣುವ ಒಂದು ಬಾಯಿಯಾದರೂ ಕಡಿಮೆಯಾಗಲೆಂದು ಹೊರಟ ಈ ಮಕ್ಕಳಿಗೆ ಗುರುಗಳಾದವರು ಹಳೆಯ ಹೋಬೋಗಳು. ಓಡುವ ಡಬ್ಬಿಯ ಮುಂದಿನ ಏಣಿಯನ್ನೇ ಹಿಡಿಯಬೇಕು, ಹಿಂದಿನದನ್ನು ಹಿಡಿದು ಕೈ ಜಾರಿದರೆ ಎರಡು ಡಬ್ಬಿಗಳ ನಡುವೆ ಬೀಳಬೇಕಾದೀತು. ಬಾಗಿಲು ತಾನಾಗಿ ಮುಚ್ಚಿಕೊಂಡು ಒಳಗಿನವರು ಸೆರೆಯಾಗದಂತೆ ಅದರ ಜಾಡಿನಲ್ಲಿ ಹಳಿಯ ಮೊಳೆಯೊಂದನ್ನು ಸಿಕ್ಕಿಸಬೇಕು. ಇಂಥ ಪಾಠಗಳನ್ನು ಹೇಳಿಕೊಡುವವರಿಲ್ಲದೆ ಪ್ರಾಣವನ್ನೋ ಕಾಲನ್ನೋ ಕಳೆದುಕೊಂಡವರು ಅನೇಕರು.

ಈ ಬಾಂಧವ್ಯದ ನೆಲೆ ‘ಜಂಗಲ್’. ಗಾಡಿಗಳು ತಂಗುವ ಯಾರ್ಡಿನ ಸಮೀಪದಲ್ಲಿ, ನೀರಿನ ಆಸರೆಯಿದ್ದು ರೈಲ್ವೆ ಪೋಲೀಸರ ಕಣ್ಣಿಗೆ ಬೀಳದಂಥ ಮರಗಳ ಮರೆಯಲ್ಲಿ, ಒಬ್ಬನು ತೋಟದಿಂದ ಬೇಡಿ ತಂದ ಆಲೂಗಡ್ಡೆ, ಮತ್ತೊಬ್ಬನ ಜೇಬಿನ ಈರುಳ್ಳಿ, ಕಟುಕನು ಕೊಟ್ಟ ಎಲುಬಿನ ಚೂರು ಇವೆಲ್ಲ ಒಂದೇ ಡಬರಿಯಲ್ಲಿ ಕುದಿದು ‘ಮಲ್ಲಿಗನ್’ ಆಗುತ್ತಿದ್ದುವು. ಉಂಡಾದ ಮೇಲೆ ಪಾತ್ರೆಯನ್ನು ತೊಳೆದು, ಮಳೆನೀರು ನಿಂತು ತುಕ್ಕು ಹಿಡಿಯದಂತೆ ಕವುಚಿಟ್ಟು ಹೋಗಬೇಕೆಂಬುದು ಅಲ್ಲಿಯ ಕಟ್ಟಳೆ. ಇದನ್ನು ಮೀರಿದವನಿಗೆ ಮತ್ತೆ ಅಲ್ಲಿ ಜಾಗವಿರುತ್ತಿರಲಿಲ್ಲ. ಮುಂದೆ ಬರುವವನು ಯಾರೆಂದು ತೊಳೆದವನಿಗೆ ತಿಳಿಯದು, ತೊಳೆದವನಾರೆಂದು ಬಂದವನಿಗೂ ತಿಳಿಯದು. ಮುಖಪರಿಚಯವನ್ನೇ ಬೇಡದ ಈ ಋಣಸಂದಾಯವನ್ನು ನಾನು ಆ ದುರ್ದಿನಗಳ ಅತ್ಯಂತ ಗೌರವಾರ್ಹ ಸಂಗತಿಯೆಂದು ಎಣಿಸುತ್ತೇನೆ.

ವರ್ಣಭೇದ ಮಾತ್ರ ಅಲ್ಲಿಗೂ ಬಂದಿತ್ತು. 1931ರ ಮಾರ್ಚ್ 25ರಂದು ಅಲಬಾಮದಲ್ಲಿ ಗೂಡ್ಸ್ ಗಾಡಿಯೊಂದರಲ್ಲಿ ಬಿಳಿಯ, ಕರಿಯ ತರುಣರ ನಡುವೆ ಹುಟ್ಟಿದ ಜಗಳವು ಒಂಬತ್ತು ಮಂದಿ ಕರಿಯ ಹುಡುಗರ ಮೇಲೆ ಅತ್ಯಾಚಾರದ ಸುಳ್ಳು ಆರೋಪವಾಗಿ ಬೆಳೆದು, ಸ್ಕಾಟ್ಸ್‌ಬರೋ ನ್ಯಾಯಾಲಯವು ಅವರಲ್ಲಿ ಎಂಟು ಮಂದಿಗೆ ಮರಣದಂಡನೆ ವಿಧಿಸಿತು. ಆ ದಂಡನೆ ಜಾರಿಯಾಗಲಿಲ್ಲವಾದರೂ ಅವರ ಯೌವನವು ಸೆರೆಮನೆಯಲ್ಲಿ ಸವೆಯಿತು.

ಸರ್ಕಾರಗಳ ನಡತೆಯೂ ಉದಾರವಾಗಿರಲಿಲ್ಲ. ವಾಸದ ಅವಧಿ ತುಂಬದವನಿಗೆ ಊರೂರುಗಳೂ ಅನ್ನ ನಿರಾಕರಿಸುತ್ತಿದ್ದುವು. 1933ರಲ್ಲಿ ಕೇಂದ್ರ ಸರ್ಕಾರವು ಅಲೆಮಾರಿಗಳಿಗಾಗಿಯೇ ತೆರೆದ ಪರಿಹಾರ ವ್ಯವಸ್ಥೆಯು ಎರಡೇ ವರ್ಷಗಳಲ್ಲಿ ಮುಚ್ಚಿತು. 1936ರಲ್ಲಂತೂ ಲಾಸ್ ಏಂಜಲಿಸ್ ನಗರವು ತನ್ನ ಪೋಲೀಸರನ್ನು ಕ್ಯಾಲಿಫೋರ್ನಿಯದ ಗಡಿಗಳಿಗೇ ಕಳುಹಿಸಿ ಬಡವರನ್ನು ತಡೆಯಿಸಿತು. ಕೆಲಸವಿಲ್ಲದ ಭಾವಮೈದುನನನ್ನು ಟೆಕ್ಸಾಸಿನಿಂದ ಆ ರಾಜ್ಯಕ್ಕೆ ಕರೆತಂದನೆಂಬ ಅಪರಾಧಕ್ಕಾಗಿ ಶಿಕ್ಷೆಗೊಳಗಾಗಿದ್ದ ಒಬ್ಬನ ಮೊಕದ್ದಮೆಯಲ್ಲಿ ಅಂಥ ಕಾನೂನನ್ನು ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿದುದು 1941ರ ನವೆಂಬರಿನಲ್ಲಿ. ಅಷ್ಟರಲ್ಲಿ ಯುದ್ಧಸಾಮಗ್ರಿಯ ಕಾರ್ಖಾನೆಗಳು ಅದೇ ಬಡವರನ್ನು ಕೆಲಸಕ್ಕೆ ಕರೆಯತೊಡಗಿದ್ದುವು.